ಇಂಗ್ಲಿಷಿನ ಪದಕ್ರಮ ಬದಲಾದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗಲೆಲ್ಲ ತರಗತಿಯಲ್ಲಿ, ಪತ್ರಗಳಲ್ಲಿ, ಬರೆಹಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭವಾದವು ಮೊದಲು, ತಕರಾರಿನವು ಆಮೇಲೆ. ಹಳೆಯ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿರುವುದರಿಂದ ಉಚ್ಚಾರ ಸ್ಥೂಲವಾಗಿ ಮಾತ್ರ ಸಿಗುತ್ತದೆ; ಇಲ್ಲಿ ನಮಗೆ ಬೇಕಾದದ್ದು ಪದಗಳು ನಿಂತಿರುವ ಜಾಗ. ಒಂದು ಪದದ "ಮುಂದೆ" ಎಂದರೆ ಅದಕ್ಕಿಂತ ಮೊದಲು, "ಹಿಂದೆ" ಎಂದರೆ ಅದರ ನಂತರ ಎಂದು ಓದಿಕೊಳ್ಳಬೇಕು.

## ಮೊದಲು ತಿಳಿಯಬೇಕಾದವು

ಪದಕ್ರಮ ಅನ್ನುವುದು ವ್ಯಾಕರಣದ ವಿಷಯವೇ, ಶೈಲಿಯ ವಿಷಯವೇ?

ಎರಡೂ ಹೌದು; ಯಾವುದರ ಪಾಲು ಎಷ್ಟು ಎಂಬುದು ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ. "ರಾಮ ರಾವಣನನ್ನು ಕೊಂದ", "ರಾವಣನನ್ನು ರಾಮ ಕೊಂದ", "ಕೊಂದ ರಾಮ ರಾವಣನನ್ನು" ಎಂಬ ಮೂರು ವಾಕ್ಯಗಳಲ್ಲೂ ಸತ್ತವನು ರಾವಣನೇ, ಏಕೆಂದರೆ ಯಾರು ಯಾರನ್ನು ಕೊಂದರು ಎಂಬುದನ್ನು "ಅನ್ನು" ಎಂಬ ಪ್ರತ್ಯಯ ಹೇಳಿಬಿಡುತ್ತದೆ. ಪದಗಳನ್ನು ಹಿಂದೆ ಮುಂದೆ ಮಾಡಿದರೆ ಒತ್ತು ಬದಲಾಗುತ್ತದೆ, ಅರ್ಥ ಬದಲಾಗುವುದಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಎರಡು ಹೆಸರುಗಳ ಜಾಗ ಅದಲುಬದಲಾದರೆ ಸಾಯುವವನೇ ಬೇರೆಯಾಗುತ್ತಾನೆ.

ಈ ವ್ಯತ್ಯಾಸವನ್ನು ಕನ್ನಡದೊಳಗೇ ಅನುಭವಿಸಿ ನೋಡಬಹುದು. "ಅವಳು ಕಾಗದ ಬರೆದಳು" ಎನ್ನುವಾಗ ನಾವು "ಅನ್ನು" ಬಿಡುತ್ತೇವೆ, ಆದರೂ ಗೊಂದಲವಿಲ್ಲ; ಕಾಗದ ಅವಳನ್ನು ಬರೆಯಲಾರದು. ಈಗ "ಹುಲಿ ಆನೆ ಕೊಂದಿತು" ಎಂದು ಹೇಳಿ. ಕಿವಿಗೆ ಅಷ್ಟು ಹಿತವಾಗದ ಈ ವಾಕ್ಯವನ್ನು ಕೇಳಿದವರು ಒಂದು ಕ್ಷಣ ತಡೆದು, ಮೊದಲು ಬಂದದ್ದೇ ಕೊಂದಿರಬೇಕು ಎಂದು ಊಹಿಸುತ್ತಾರೆ. ಆ ಊಹೆಯೇ ನಿಯಮವಾಗಿ ಗಟ್ಟಿಯಾದ ಭಾಷೆ ಇಂದಿನ ಇಂಗ್ಲಿಷ್.

ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಕನ್ನಡದ ಹಾಗೆ ಕ್ರಿಯಾಪದವನ್ನು ಕೊನೆಗೆ ಇಡುತ್ತಿತ್ತಂತೆ, ನಿಜವೇ?

ಬಹಳ ವಾಕ್ಯಗಳ ಮಟ್ಟಿಗೆ ನಿಜ, ಎಲ್ಲ ವಾಕ್ಯಗಳ ಮಟ್ಟಿಗೆ ಅಲ್ಲ. ಆಲ್ಫ್ರೆಡ್ ದೊರೆಯ ಆಳ್ವಿಕೆಯಲ್ಲಿ, 890ರ ದಶಕದಲ್ಲಿ, ಸಂಕಲನಗೊಂಡ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವರ್ಷವಾರು ದಾಖಲೆಯಲ್ಲಿ 755ನೇ ವರ್ಷದ ಕೆಳಗೆ ವೆಸೆಕ್ಸ್ ರಾಜ್ಯದ ಒಂದು ಗದ್ದುಗೆ ಜಗಳದ ಕಥೆಯಿದೆ. ಕ್ಯುನೆವುಲ್ಫ್ ಎಂಬವನು ಸಿಗೆಬ್ರಿಹ್ಟ್ ದೊರೆಯಿಂದ ರಾಜ್ಯ ಕಿತ್ತುಕೊಳ್ಳುತ್ತಾನೆ, ಹ್ಯಾಂಪ್‌ಷೈರ್ ಒಂದನ್ನು ಮಾತ್ರ ಬಿಡುತ್ತಾನೆ. ಕಡೆಯವರೆಗೂ ಜೊತೆಗಿದ್ದ ಸರದಾರನನ್ನೇ ಸಿಗೆಬ್ರಿಹ್ಟ್ ಕೊಂದ ಮೇಲೆ ಅದೂ ತಪ್ಪುತ್ತದೆ. ಆಗ ಬರುವ ವಾಕ್ಯ ಇದು: "ಓಂಡ್ ಹಿಯೆನೆ ಥಾ ಕ್ಯುನೆವುಲ್ಫ್ ಓನ್ ಆಂಡ್ರೆಡ್ ಅಡ್ರ್ಯಾವ್ದೆ."

ಒಂದೊಂದೇ ಪದವನ್ನು ಬಿಡಿಸೋಣ. ಓಂಡ್ ಎಂದರೆ ಮತ್ತು, ಹಿಯೆನೆ ಎಂದರೆ ಅವನನ್ನು, ಥಾ ಎಂದರೆ ಆಗ, ಓನ್ ಆಂಡ್ರೆಡ್ ಎಂದರೆ ಆಂಡ್ರೆಡ್ ಕಾಡಿಗೆ, ಅಡ್ರ್ಯಾವ್ದೆ ಎಂದರೆ ಓಡಿಸಿದ. "ಮತ್ತು ಅವನನ್ನು ಆಗ ಕ್ಯುನೆವುಲ್ಫ್ ಆಂಡ್ರೆಡ್ ಕಾಡಿಗೆ ಓಡಿಸಿದ." ಕನ್ನಡ ಮಾಡುವಾಗ ಒಂದು ಪದವನ್ನೂ ಎತ್ತಿ ಬೇರೆಡೆ ಇಡಬೇಕಾಗಲಿಲ್ಲ. ಈ ಸಾಲನ್ನು ಕಪ್ಪು ಹಲಗೆಯ ಮೇಲೆ ಬರೆದು ಕೆಳಗೆ ಕನ್ನಡ ಬರೆದಾಗ ತರಗತಿಯಲ್ಲಿ ಒಂದು ಸಣ್ಣ ಗುಸುಗುಸು ಏಳುವುದನ್ನು ಪ್ರತಿ ಸಲವೂ ಕೇಳಿದ್ದೇನೆ. ಒಂದೇ ಒಂದು ಭೇದವಿದೆ: ನಾವು "ಕಾಡಿಗೆ" ಎಂದು ಹಿಂದೆ ಅಂಟಿಸುವುದನ್ನು ಅವರು "ಓನ್" ಎಂದು ಮುಂದೆ ಇಟ್ಟಿದ್ದಾರೆ. ಹಳೆಯ ಇಂಗ್ಲಿಷ್ ಕನ್ನಡದ ಅಚ್ಚಿನ ಭಾಷೆಯಾಗಿರಲಿಲ್ಲ ಎಂಬುದಕ್ಕೆ ಆ ಪುಟ್ಟ ಪದವೇ ಸಾಕ್ಷಿ.

"ಎಂದು", "ಆದಾಗ" ಎಂಬ ಅರ್ಥದ ಪದಗಳಿಂದ ಶುರುವಾಗುವ ಅಧೀನ ವಾಕ್ಯಗಳಲ್ಲಿ ಈ ಪ್ರವೃತ್ತಿ ಇನ್ನೂ ಬಲವಾಗಿತ್ತು. ಒಹ್ತೆರೆ ಎಂಬ ನಾರ್ವೆಯ ನಾವಿಕ ಆಲ್ಫ್ರೆಡನಿಗೆ ಹೇಳಿದ ವೃತ್ತಾಂತದಲ್ಲಿ "ಥ್ಯಾಟ್ ಹೆ ಯಾಲ್ರಾ ನಾರ್ಥ್‌ಮನ್ನಾ ನಾರ್ಥ್‌ಮೆಸ್ಟ್ ಬುದೆ" ಎಂದಿದೆ: ತಾನು ಎಲ್ಲ ನಾರ್ವೆಯವರಲ್ಲಿ ಅತ್ಯಂತ ಉತ್ತರಕ್ಕೆ ವಾಸಿಸುತ್ತಿದ್ದೇನೆ ಎಂದು. "ಬುದೆ", ವಾಸಿಸುವ ಕ್ರಿಯೆ, ತುದಿಯಲ್ಲಿದೆ.

ಹಾಗಾದರೆ ಹಳೆಯ ಇಂಗ್ಲಿಷಿನಲ್ಲಿ ಪದಗಳನ್ನು ಎಲ್ಲಿ ಬೇಕಾದರೂ ಇಡಬಹುದಿತ್ತೇ?

ಇಲ್ಲ. "ಹಳೆಯ ಇಂಗ್ಲಿಷಿಗೆ ಪದಕ್ರಮವೇ ಇರಲಿಲ್ಲ" ಎಂದು ಗೈಡುಗಳಲ್ಲಿ ಬರೆದಿರುವುದುಂಟು; ಅದು ಸೋಮಾರಿತನದ ಮಾತು. ಪ್ರಧಾನ ವಾಕ್ಯಗಳಲ್ಲಿ ಇಂದಿನ ಜರ್ಮನ್ ಪಾಲಿಸುವ ನಿಯಮಕ್ಕೆ ಹತ್ತಿರದ ಒಂದು ಶಿಸ್ತು ಇತ್ತು. ಪಂಕ್ತಿಯಲ್ಲಿ ಮೊದಲ ಮಣೆಯ ಮೇಲೆ ಯಾರು ಬೇಕಾದರೂ ಕೂರಬಹುದು, ಕರ್ತೃ, ಕರ್ಮ, ಕಾಲಸೂಚಕ, ಯಾವುದಾದರೂ ಸರಿ. ಆದರೆ ಎರಡನೆಯ ಮಣೆ ಕ್ರಿಯಾಪದಕ್ಕೆ ಮೀಸಲು. "ಥಾ" ಎಂಬ ಪದದಿಂದ ಕಥನದ ವಾಕ್ಯ ಶುರುವಾದರೆ ಕ್ರಿಯಾಪದ ಒಡನೆಯೇ ಬಂದು, ಕರ್ತೃ ಅದರ ಹಿಂದೆ ನಿಲ್ಲುವುದು ವಾಡಿಕೆ. "ಥಾ ಕ್ವ್ಯಾಥ್ ಹೆ", ಎಂದರೆ ಆಗ ಹೇಳಿದ ಅವನು, ಎಂಬ ಬಗೆಯ ವಾಕ್ಯಗಳು ಆ ಗದ್ಯದ ತುಂಬ ಸಿಗುತ್ತವೆ.

ಕರ್ಮ ಮೊದಲ ಮಣೆ ಹಿಡಿದ ವಾಕ್ಯವೊಂದು ಹೀಗಿದೆ: "ಥ್ಯಾಟ್ ಹೂಸ್ ಹ್ಯಾವ್ದೊನ್ ರೋಮಾನೆ ಟೊ ಥ್ಯಾಮ್ ಆನುಮ್ ಟಾಕ್ನೆ ಗೆವೊರ್ಹ್ಟ್." ಆ ಮನೆಯನ್ನು ರೋಮನರು ಅದೊಂದೇ ಸಂಕೇತಕ್ಕಾಗಿ ಕಟ್ಟಿದ್ದರು ಎಂದರ್ಥ. ಮೊದಲು ಮನೆ, ಎರಡನೆಯದು ಸಹಾಯಕ ಕ್ರಿಯಾಪದ "ಹ್ಯಾವ್ದೊನ್", ಮೂರನೆಯದು ರೋಮನರು, ಕಟ್ಟುವ ಕ್ರಿಯೆ ಕಟ್ಟಕಡೆಗೆ. ಇದರ ಮೇಲೆ ಇನ್ನೊಂದು ಸೂಕ್ಷ್ಮ: ಥಾದಂತಹ ಪದಗಳನ್ನು ಬಿಟ್ಟರೆ, ಕರ್ತೃ ಸರ್ವನಾಮವಾಗಿದ್ದಾಗ ಅದು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮುಂಚೆಯೇ ನುಸುಳಿಬಿಡುತ್ತಿತ್ತು, ಆಗ ಕ್ರಿಯಾಪದ ಮೂರನೆಯದಾಗುತ್ತಿತ್ತು. ಜರ್ಮನ್ ಇದನ್ನು ಸಹಿಸುವುದಿಲ್ಲ.

ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವೇ? ಇದ್ದರೆ ಎಲ್ಲಿ ಹೋದವು?

ಇದ್ದವು. ರಾಜನು, ರಾಜನನ್ನು, ರಾಜನಿಗೆ, ರಾಜನ ಎಂಬುದಕ್ಕೆ ಅನುಕ್ರಮವಾಗಿ ಸೆ ಕ್ಯುನಿಂಗ್, ಥೊನೆ ಕ್ಯುನಿಂಗ್, ಥ್ಯಾಮ್ ಕ್ಯುನಿಂಗೆ, ಥ್ಯಾಸ್ ಕ್ಯುನಿಂಗೆಸ್ ಎನ್ನುತ್ತಿದ್ದರು. ಪ್ರಥಮಾ ಮತ್ತು ದ್ವಿತೀಯಾ ವಿಭಕ್ತಿಗಳಲ್ಲಿ ನಾಮಪದ ಒಂದೇ ರೂಪದಲ್ಲಿದೆ, ಮುಂದಿನ ನಿರ್ದೇಶಕ ಪದ ಮಾತ್ರ ಬದಲಾಗಿದೆ ಎಂಬುದನ್ನು ಗಮನಿಸಬೇಕು. ಅಂದರೆ ವ್ಯವಸ್ಥೆ ಆಗಲೇ ಒಂದು ಬದಿಯಿಂದ ಸವೆದಿತ್ತು. ಸೆ, ಥೊನೆ, ಥ್ಯಾಮ್ ಎಲ್ಲವೂ ಒಂದೇ "ದಿ" ಆಗಿ ಕುಗ್ಗಿದಾಗ ಉಳಿದ ಆಸರೆಯೂ ಹೋಯಿತು. 1154ರವರೆಗೆ ಬರೆಯಲಾದ ಪೀಟರ್‌ಬರೊ ಕ್ರಾನಿಕಲ್ಲಿನ ಕೊನೆಯ ಭಾಗದಲ್ಲಿ ಈ ಕುಗ್ಗುವಿಕೆ ಕಣ್ಣೆದುರೇ ಕಾಣುತ್ತದೆ.

ಕಾರಣ ಬಹುಪಾಲು ಉಚ್ಚಾರದ್ದು. ಇಂಗ್ಲಿಷಿನ ಒತ್ತು ಪದದ ಮೊದಲ ಭಾಗದ ಮೇಲೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಮಸುಕಾಗಿ ಒಂದೇ ಸದ್ದಿಗೆ ಇಳಿದವು. ಕೊನೆಯ "ಮ್" "ನ್" ಆಗಿ, ಆಮೇಲೆ ಅದೂ ಬಿದ್ದುಹೋಯಿತು. ಉಳಿದದ್ದು ಷಷ್ಠಿಯ "ಸ್" ಮತ್ತು ಹಿ-ಹಿಮ್‌ನಂತಹ ಸರ್ವನಾಮದ ಜೋಡಿಗಳು.

## ಬದಲಾವಣೆಯ ದಾರಿ

ಇದಕ್ಕೆಲ್ಲ 1066ರಲ್ಲಿ ಬಂದ ನಾರ್ಮನ್ ಫ್ರೆಂಚರೇ ಕಾರಣ ಅಲ್ಲವೇ?

ಪದಕೋಶಕ್ಕೆ ಅವರು ಕಾರಣ, ಪದಕ್ರಮಕ್ಕೆ ಅಷ್ಟಾಗಿ ಅಲ್ಲ. ನಾರ್ಮನ್ನರು ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ, ಹತ್ತನೆಯ ಶತಮಾನದ ಮಧ್ಯಭಾಗದ ನಂತರ, ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಲ್ಯಾಟಿನ್ ಸಾಲುಗಳ ನಡುವೆ ಉತ್ತರದ ಇಂಗ್ಲಿಷಿನಲ್ಲಿ ಪದಾರ್ಥ ಬರೆದ. ಅದರಲ್ಲಿ ಪ್ರತ್ಯಯಗಳು ಆಗಲೇ ಒಂದರೊಳಗೊಂದು ಕಲಸಿಹೋಗಿವೆ. ಇನ್ನೂ ಬಾರದವರ ಮೇಲೆ ಅಪವಾದ ಹೊರಿಸುವಂತಿಲ್ಲ.

ಉತ್ತರದಲ್ಲಿಯೇ ಸವೆತ ಮೊದಲಾಗಿರುವುದಕ್ಕೆ ವೈಕಿಂಗರ ನೆಲೆಗಳ ಕಡೆ ಬೊಟ್ಟು ಮಾಡುವುದು ಹೆಚ್ಚು ಯುಕ್ತ. 878ರಲ್ಲಿ ಆಲ್ಫ್ರೆಡ್ ಎಡಿಂಗ್ಟನ್ನಿನಲ್ಲಿ ವೈಕಿಂಗ್ ಮುಖಂಡ ಗುಥ್ರಮ್‌ನನ್ನು ಸೋಲಿಸಿದ ಮೇಲೂ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗ ಡೇನರ, ಎಂದರೆ ಡೆನ್ಮಾರ್ಕಿನ ಕಡೆಯಿಂದ ಬಂದ ವೈಕಿಂಗರ, ಕೈಯಲ್ಲೇ ಉಳಿಯಿತು. ಆ ಸೀಮೆಯಲ್ಲಿ ಅಕ್ಕಪಕ್ಕ ಬದುಕಿದ ಇಬ್ಬರ ಮಾತೂ ಒಂದೇ ಬುಡದ್ದು. ಕಲ್ಲಿಗೆ ಇಂಗ್ಲಿಷಿನವನು "ಸ್ಟಾನ್" ಎಂದರೆ ಡೇನನು "ಸ್ಟೈನ್" ಎನ್ನುತ್ತಿದ್ದ. ದಿನಕ್ಕೆ ಇವನು "ಡ್ಯಾಗ್" ಎಂದು ಬರೆದರೆ ಅವನದು "ಡಾಗ್ರ್". ಬುಡ ಹೊಂದುತ್ತಿತ್ತು, ಬಾಲ ಹೊಂದುತ್ತಿರಲಿಲ್ಲ. ಸಂತೆಯಲ್ಲಿ ಹಸು ಮಾರುವಾಗ, ಮದುವೆ ಸಂಬಂಧ ಬೆಳೆಸುವಾಗ ಬಾಲವನ್ನು ನುಂಗಿ ಬುಡವನ್ನು ಉಳಿಸಿಕೊಂಡರು ಎಂಬುದು ಬಹುಜನ ಒಪ್ಪುವ ಊಹೆ. ದೆ, ದೆಮ್, ದೇರ್ ಎಂಬ ಸರ್ವನಾಮಗಳೇ ವೈಕಿಂಗರ ನಾರ್ಸ್ ಭಾಷೆಯಿಂದ ಬಂದಿರುವಾಗ ಈ ಒಡನಾಟ ಮೇಲುಮೇಲಿನದಾಗಿರಲಿಲ್ಲ ಎಂಬುದಂತೂ ಖಚಿತ.

ಫ್ರೆಂಚರ ಗುರುತು ಒಂದೆರಡು ಕಡೆ ಮಾತ್ರ ನಿಂತಿದೆ: ಅಟಾರ್ನಿ ಜನರಲ್, ಕೋರ್ಟ್ ಮಾರ್ಷಲ್ ಎಂಬಂತಹ ಕಚೇರಿ ಪದಗಳಲ್ಲಿ ವಿಶೇಷಣ ನಾಮಪದದ ಹಿಂದೆ ಬರುತ್ತದೆ. ಅದು ಕಚೇರಿಯಿಂದ ಆಚೆ ಬರಲಿಲ್ಲ.

ಕ್ರಿಯಾಪದ ಕೊನೆಯಿಂದ ಮಧ್ಯಕ್ಕೆ ಬಂದದ್ದು ಯಾವಾಗ? ಚಾಸರ್ ಕಾಲಕ್ಕೆ ಮುಗಿದಿತ್ತೇ?

ಒಂದು ದಿನಾಂಕ ಹಾಕುವಂತಹ ಘಟನೆ ಇದಲ್ಲ. 1200ರ ಸುಮಾರಿನ ಗದ್ಯದಲ್ಲಿ ಕರ್ಮ ಕ್ರಿಯಾಪದದ ಮುಂದೂ ಸಿಗುತ್ತದೆ, ಹಿಂದೂ ಸಿಗುತ್ತದೆ. 1400ರ ಹೊತ್ತಿಗೆ ಗದ್ಯದಲ್ಲಿ ಕರ್ಮ ಹಿಂದಕ್ಕೆ ಸರಿದು ನೆಲೆಯಾಗಿದೆ. ಹಳೆಯ ಕ್ರಮ ಮುಖ್ಯವಾಗಿ ಉಳಿದಿರುವುದು "ಯಾವ", "ಏನೂ", "ಬಹಳ" ಎಂಬ ಅರ್ಥದ ಪದಗಳು ಕರ್ಮದಲ್ಲಿದ್ದಾಗ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ ಕಾವ್ಯದ ಯೋಧ ನೈಟ್‌ನನ್ನು ವರ್ಣಿಸುವ ಸಾಲು ಇದಕ್ಕೆ ಚೆನ್ನಾದ ಉದಾಹರಣೆ: "ಹೆ ನೆವ್ರ್ ಯೆಟ್ ನೊ ವಿಲೈನಿಯೆ ನೆ ಸೈದೆ." ಅವನು ಎಂದೂ ಇದುವರೆಗೆ ಯಾವ ಕೀಳು ಮಾತನ್ನೂ ಆಡಲಿಲ್ಲ. ನಿಷೇಧವಿರುವ ಕರ್ಮ ಮುಂದೆ, ಆಡುವ ಕ್ರಿಯೆ ತುದಿಗೆ. ನೆವ್ರ್, ನೊ, ನೆ ಎಂದು ಒಂದೇ ಸಾಲಿನಲ್ಲಿ ಮೂರು ನಿಷೇಧಗಳಿದ್ದರೂ ಅವು ಒಂದನ್ನೊಂದು ಹೊಡೆದುಹಾಕುವುದಿಲ್ಲ, ನಮ್ಮ "ಎಂದೂ ಏನೂ ಹೇಳಲಿಲ್ಲ" ಎಂಬುದರ ಹಾಗೆ ಒಂದನ್ನೊಂದು ಬಿಗಿಗೊಳಿಸುತ್ತವೆ. ಪದ್ಯದ ಸಾಲಿಗೆ ಪ್ರಾಸದ ಒತ್ತಾಯವೂ ಇರುತ್ತದೆ ಎಂಬ ಎಚ್ಚರ ಬೇಕು, ಆದರೆ ಇದೇ ಬಗೆಯ ಕರ್ಮಗಳು ಆ ಕಾಲದ ಗದ್ಯದಲ್ಲೂ ಮುಂದೆಯೇ ನಿಲ್ಲುತ್ತವೆ.

ಎರಡನೆಯ ಮಣೆಯ ನಿಯಮ ಸಡಿಲವಾದದ್ದು ಬೇರೆಯೇ ಕಥೆ. ಅದು ಬಹುಮಟ್ಟಿಗೆ ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳದ್ದು.

"ಮಿಥಿಂಕ್ಸ್" ಎಂದು ಶೇಕ್ಸ್‌ಪಿಯರ್ ಬರೆದದ್ದು ವ್ಯಾಕರಣ ತಪ್ಪಲ್ಲವೇ? "ಐ ಥಿಂಕ್" ಆಗಬೇಕಲ್ಲ?

ತಪ್ಪಲ್ಲ. ಅದು "ನಾನು ಯೋಚಿಸುತ್ತೇನೆ" ಎಂಬುದರ ಕೆಟ್ಟ ರೂಪವಲ್ಲ, "ನನಗೆ ಅನಿಸುತ್ತದೆ" ಎಂಬುದರ ನೇರ ರೂಪ. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಕ್ರಿಯಾಪದಗಳಿದ್ದವು: ಥೆಂಚನ್ ಎಂದರೆ ಯೋಚಿಸು, ಥ್ಯುಂಚನ್ ಎಂದರೆ ತೋರು, ಅನಿಸು. ಎರಡನೆಯದಕ್ಕೆ ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಿದ್ದ. ಕಾಲಕ್ರಮದಲ್ಲಿ ಎರಡರ ಉಚ್ಚಾರವೂ ಕಲೆತುಹೋಗಿ, "ಮಿ" ಮಾತ್ರ ಹಳೆಯ ಜಾಗದಲ್ಲಿ ಒಂಟಿಯಾಗಿ ಉಳಿಯಿತು.

ಕನ್ನಡಿಗರಿಗೆ ಇದು ಪಾಠ ಮಾಡದೆಯೇ ತಿಳಿಯುವ ಸಂಗತಿ. ನನಗೆ ಹಸಿವು, ನನಗೆ ಇಷ್ಟ, ನನಗೆ ನೆನಪು, ನನಗೆ ಚಳಿ ಎಂದು ದಿನವೂ ಹೇಳುವ ನಾವು ಅನುಭವಿಸುವವನನ್ನು ಕರ್ತೃವಿನ ಗದ್ದುಗೆಗೆ ಏರಿಸುವುದಿಲ್ಲ. ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ "ಮೆ ಹಿಂಗ್ರೊದೆ, ಆಂಡ್ ಗೆ ಮೆ ಸೆಯಾಲ್ಡನ್ ಎಟನ್" ಎಂದಿದೆ. ಮೆ ಎಂದರೆ ನನಗೆ, ಹಿಂಗ್ರೊದೆ ಎಂದರೆ ಹಸಿದಿತ್ತು, ಗೆ ಎಂದರೆ ನೀವು, ಮತ್ತೆ ಮೆ, ನನಗೆ, ಸೆಯಾಲ್ಡನ್, ಕೊಟ್ಟಿರಿ, ಎಟನ್, ತಿನ್ನಲು. "ನನಗೆ ಹಸಿವಾಗಿತ್ತು, ನೀವು ನನಗೆ ಕೊಟ್ಟಿರಿ ತಿನ್ನಲು." ಇಂದಿನ ಇಂಗ್ಲಿಷಿನವನು "ಐ ವಾಸ್ ಹಂಗ್ರಿ" ಎಂದು ತಾನೇ ಹಸಿವಿನ ಯಜಮಾನನಾಗಿದ್ದಾನೆ.

ಈ ತಿರುವು ಹೇಗಾಯಿತು ಎಂಬುದಕ್ಕೆ ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಓಟ್ಟೊ ಯೆಸ್ಪರ್ಸನ್ ಕಟ್ಟಿದ ಉದಾಹರಣೆ ಪ್ರಸಿದ್ಧ. "ಥ್ಯಾಮ್ ಕ್ಯುನಿಂಗೆ ಲಿಕೊದೊನ್ ಪೆರಾನ್", ರಾಜನಿಗೆ ಪಿಯರ್ ಹಣ್ಣುಗಳು ಇಷ್ಟವಾದವು. ಇಲ್ಲಿ ಕ್ರಿಯಾಪದದ ಬಹುವಚನ ಹಣ್ಣುಗಳಿಗೆ ಹೊಂದುತ್ತದೆ, ರಾಜನಿಗಲ್ಲ. ರಾಜನ ಮೇಲಿನ "ಗೆ" ಬಿದ್ದಿತು. ಕ್ರಿಯಾಪದದ ಬಹುವಚನ ಬಿದ್ದಿತು. ಉಳಿದದ್ದು "ದಿ ಕಿಂಗ್ ಲೈಕ್ಡ್ ಪೆಯರ್ಸ್". ಮೊದಲು ನಿಂತವನೇ ಕರ್ತೃ ಎಂದು ಕಿವಿ ಪಳಗಿದ್ದ ಮಕ್ಕಳು ರಾಜನನ್ನು ಕರ್ತೃವೆಂದೇ ಕೇಳಿಸಿಕೊಂಡರು. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ, ವಾಕ್ಯದ ಯಜಮಾನ ಬದಲಾದ. ಇಡೀ ಚರಿತ್ರೆಯಲ್ಲಿ ನನಗೆ ಅತಿ ಸೋಜಿಗವೆನಿಸುವುದು ಇದೇ.

"ಐ ನೋ ನಾಟ್" ಎನ್ನುತ್ತಿದ್ದವರು "ಐ ಡು ನಾಟ್ ನೋ" ಎಂದು ಏಕೆ ಬದಲಾದರು? ಈ "ಡು" ಎಲ್ಲಿಂದ ಬಂತು?

ಪ್ರಾಮಾಣಿಕವಾಗಿ ಹೇಳುವುದಾದರೆ, ಎಲ್ಲಿಂದ ಬಂತು ಎಂಬುದರಲ್ಲಿ ಜಗಳವಿದೆ. ಹೇಗೆ ಹರಡಿತು ಎಂಬುದು ಚೆನ್ನಾಗಿ ದಾಖಲಾಗಿದೆ. ಮೂಲದ ಬಗ್ಗೆ ಒಂದು ಪಕ್ಷ ಅದು "ಮಾಡಿಸು" ಎಂಬ ಅರ್ಥದ ಹಳೆಯ ಪ್ರೇರಣಾರ್ಥಕ ಬಳಕೆಯಿಂದ ಸವೆದು ಬಂತು ಎನ್ನುತ್ತದೆ. ಇನ್ನೊಂದು ಪಕ್ಷ ವೆಲ್ಷ್ ಮುಂತಾದ ಕೆಲ್ಟಿಕ್ ಭಾಷೆಗಳಲ್ಲಿ ಇಂತಹದೇ ರಚನೆ ಇರುವುದನ್ನು ತೋರಿಸುತ್ತದೆ. ನನಗೆ ಮೊದಲನೆಯದು ಹೆಚ್ಚು ಒಪ್ಪಿಗೆ, ಎರಡನೆಯದನ್ನು ತಳ್ಳಿಹಾಕಲಾರೆ.

ಹರಡಿದ ಕಾಲ ಸುಮಾರು 1500ರಿಂದ 1700. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ ಆ ಕಾಲದ ಬರೆಹಗಳಿಂದ ಸಾವಿರಾರು ವಾಕ್ಯಗಳನ್ನು ಎಣಿಸಿ 1953ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಒಂದು ಮೋಜಿನ ಸಂಗತಿ ಇದೆ. ಹದಿನಾರನೆಯ ಶತಮಾನದ ಮಧ್ಯದಲ್ಲಿ ನಿಷೇಧವಾಗಲಿ ಪ್ರಶ್ನೆಯಾಗಲಿ ಇಲ್ಲದ ಸಾದಾ ವಾಕ್ಯಗಳಲ್ಲೂ "ಡು" ಏರತೊಡಗಿತ್ತು, "ಐ ಡು ನೋ" ಎಂಬುದಕ್ಕೆ ಯಾವ ಒತ್ತೂ ಇರಲಿಲ್ಲ. ಆಮೇಲೆ ಸಾದಾ ವಾಕ್ಯಗಳಲ್ಲಿ ಅದು ಇಳಿದುಹೋಗಿ, ಪ್ರಶ್ನೆ ಮತ್ತು ನಿಷೇಧಗಳಲ್ಲಿ ಮಾತ್ರ ನೆಲೆಸಿತು.

1611ರ ಕಿಂಗ್ ಜೇಮ್ಸ್ ಬೈಬಲ್ ಈ ದಾಟುವಿಕೆಯ ನಡುಮಧ್ಯದಲ್ಲಿದೆ. ಹೊಲದ ಲಿಲ್ಲಿ ಹೂಗಳ ಮಾತು ಬರುವಲ್ಲಿ "ದೆ ಟಾಯ್ಲ್ ನಾಟ್, ನೈದರ್ ಡು ದೆ ಸ್ಪಿನ್" ಎಂದಿದೆ. ಮೊದಲ ತುಂಡಿನಲ್ಲಿ ಡು ಇಲ್ಲ, ಕ್ರಿಯಾಪದ ನೇರವಾಗಿ "ನಾಟ್" ಮುಂದೆ ನಿಂತಿದೆ. ಎರಡನೆಯ ತುಂಡಿನಲ್ಲಿ ಡು ಬಂದು ಕರ್ತೃವಿನ ಮುಂದಿನ ಮಣೆ ಹಿಡಿದಿದೆ, "ಸ್ಪಿನ್" ಹಿಂದೆಯೇ ಕೂತಿದೆ. ಎರಡು ತಲೆಮಾರುಗಳ ವ್ಯಾಕರಣ ಒಂದೇ ಅಲ್ಪವಿರಾಮದ ಎರಡು ಬದಿಗೆ.

ನಡೆದದ್ದರ ಸಾರ ಇಷ್ಟು: ಸಾಮಾನ್ಯ ಕ್ರಿಯಾಪದಗಳು "ನಾಟ್" ಅನ್ನೂ ಕರ್ತೃವನ್ನೂ ದಾಟಿ ಮುಂದೆ ಹೋಗುವ ಹಕ್ಕನ್ನು ಕಳೆದುಕೊಂಡವು. ಬಿ, ಕ್ಯಾನ್, ವಿಲ್ ಮುಂತಾದ ಸಹಾಯಕಗಳಿಗೆ ಆ ಹಕ್ಕು ಉಳಿಯಿತು. ಸಹಾಯಕ ಇಲ್ಲದಿದ್ದಾಗ ಖಾಲಿ ಜಾಗ ತುಂಬಲು ಅರ್ಥವಿಲ್ಲದ ಡು ಬಂತು. "ಹ್ಯಾವ್" ಬಹಳ ಕಾಲ ಎರಡು ದೋಣಿಯಲ್ಲಿ ಕಾಲಿಟ್ಟಿತ್ತು. ನಮ್ಮ ಶಿಶುವಿಹಾರಗಳಲ್ಲಿ ಮಕ್ಕಳು ಕಪ್ಪು ಕುರಿಯನ್ನು "ಹ್ಯಾವ್ ಯು ಎನಿ ವುಲ್" ಎಂದು ಕೇಳುವಾಗ ಹದಿನೆಂಟನೆಯ ಶತಮಾನದ ಪದಕ್ರಮವನ್ನು ಬಾಯಿಪಾಠ ಮಾಡುತ್ತಿರುತ್ತಾರೆ.

"ಆಫ್" ಮತ್ತು ಅಪಾಸ್ಟ್ರಫಿ "ಎಸ್", ಎರಡು ಷಷ್ಠಿ ಏಕೆ ಬೇಕಾಯಿತು?

ಹಳೆಯ ಷಷ್ಠಿ ನಾಮಪದದ ಮುಂದೂ ಬರುತ್ತಿತ್ತು, ಹಿಂದೂ ಬರುತ್ತಿತ್ತು. ಪ್ರತ್ಯಯಗಳು ಸವೆದ ಮೇಲೆ ಹಿಂದೆ ಬರುವ ಕೆಲಸವನ್ನು "ಆಫ್" ವಹಿಸಿಕೊಂಡಿತು, ಮುಂದಿನ ಜಾಗ "ಎಸ್"ಗೆ ಉಳಿಯಿತು. ಆದರೆ ಉಳಿದ "ಎಸ್" ಮೊದಲಿನದಲ್ಲ. ಚಾಸರ್ ಕಾಲದಲ್ಲಿ "ದಿ ವೈವ್ಸ್ ಟೇಲ್ ಆಫ್ ಬಾತ್" ಎನ್ನುತ್ತಿದ್ದರು: ಹೆಂಗಸಿನ ಕಥೆ, ಬಾತ್ ಊರಿನ. ಪ್ರತ್ಯಯ ಹೆಂಗಸಿಗೇ ಅಂಟಿದೆ, ಊರು ಅನಾಥವಾಗಿ ಕೊನೆಗೆ ಬಿದ್ದಿದೆ. ಇಂದು "ದಿ ವೈಫ್ ಆಫ್ ಬಾತ್ಸ್ ಟೇಲ್" ಎನ್ನುತ್ತಾರೆ; ಎಸ್ ಅಂಟಿರುವುದು ಊರಿಗೆ, ಆದರೆ ಕಥೆ ಊರಿನದಲ್ಲ. ಇಡೀ ಪದಪುಂಜದ ಬಾಲಕ್ಕೆ ಒಂದೇ ಗಂಟು. "ರಾಮ ಮತ್ತು ಸೀತೆಯ ಮಕ್ಕಳು" ಎಂದು ಒಂದೇ ಪ್ರತ್ಯಯವನ್ನು ಕೊನೆಗೆ ಹಾಕುವ ನಮಗೆ ಇದು ಹೊಸದೇನಲ್ಲ.

"ಟಿಲ್ ಡೆತ್ ಅಸ್ ಡು ಪಾರ್ಟ್" ಎಂದು ಚರ್ಚಿನ ಮದುವೆಯಲ್ಲಿ ಹೇಳುತ್ತಾರೆ. ಆ ಪದಗಳು ಏಕೆ ಹಾಗೆ ತಲೆಕೆಳಗಾಗಿವೆ?

ತಲೆಕೆಳಗಾಗಿಲ್ಲ, ಹಳೆಯ ಜಾಗದಲ್ಲೇ ನಿಂತಿವೆ. ಸರ್ವನಾಮದ ಕರ್ಮ ಕ್ರಿಯಾಪದದ ಮುಂದೆ ಬರುವ ಹಳೆಯ ಕ್ರಮ ಆಡುಮಾತಿನಿಂದ ಹೋದ ಮೇಲೂ ವಿಧಿಯ ಮಾತಿನಲ್ಲಿ ಉಳಿಯಿತು. 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ "ವಿತ್ ದಿಸ್ ರಿಂಗ್ ಐ ದೀ ವೆಡ್" ಎಂದಿದೆ: ಈ ಉಂಗುರದಿಂದ ನಾನು ನಿನ್ನನ್ನು ವರಿಸುತ್ತೇನೆ. ಮತ್ತೆ ಕನ್ನಡದ ಕ್ರಮವೇ.

ನೀವು ಕೇಳಿದ ಸಾಲಿಗೆ ಇನ್ನೂ ಸೊಗಸಾದ ಕಥೆಯಿದೆ. 1549ರಲ್ಲಿ ಅದು "ಟಿಲ್ ಡೆತ್ ಅಸ್ ಡಿಪಾರ್ಟ್" ಎಂದಿತ್ತು. ಆಗ "ಡಿಪಾರ್ಟ್" ಎಂದರೆ ಅಗಲಿಸು, ಬೇರ್ಪಡಿಸು: ಸಾವು ನಮ್ಮನ್ನು ಅಗಲಿಸುವವರೆಗೆ. ಮುಂದೆ ಆ ಪದಕ್ಕೆ ಹೊರಡು ಎಂಬ ಅರ್ಥವಷ್ಟೇ ಉಳಿದಾಗ ಸಾಲು ಅರ್ಥಗೆಟ್ಟಿತು. 1662ರ ಪರಿಷ್ಕರಣೆಯಲ್ಲಿ "ಡಿಪಾರ್ಟ್" ಅನ್ನು "ಡು ಪಾರ್ಟ್" ಎಂದು ತಿದ್ದಿದರು. ಕಿವಿಗೆ ಒಂದು ಸ್ವರದಷ್ಟೇ ವ್ಯತ್ಯಾಸ, ಕಾಗದದ ಮೇಲೆ ಒಂದು ಪದ ಎರಡಾಯಿತು. ಹಳೆಯ ಕಾಲದ "ಅಸ್" ಮುಂದೆ ನಿಂತೇ ಇದೆ, ಆಗ ಸಾದಾ ವಾಕ್ಯಗಳಿಂದ ಮರೆಯಾಗುತ್ತಿದ್ದ "ಡು" ಅದರ ಪಕ್ಕ ಬಂದು ಕೂತಿದೆ.

"ನೆವರ್ ಹ್ಯಾವ್ ಐ ಸೀನ್", "ಹಿಯರ್ ಕಮ್ಸ್ ದ ಬಸ್" ಎಂಬಲ್ಲಿ ಮಾತ್ರ ಕರ್ತೃ ಹಿಂದೆ ಹೋಗುವುದೇಕೆ?

ಅವು ಎರಡನೆಯ ಮಣೆಯ ನಿಯಮದ ಪಳೆಯುಳಿಕೆಗಳು. ನಿಯಮ ಹೋದರೂ ನಿಷೇಧ ಪದದ ಹಿಂದೆ, "ಸೋ ಡು ಐ" ಎಂಬಂತಹ ಮರುನುಡಿಗಳಲ್ಲಿ, ಸ್ಥಳಸೂಚಕದ ಹಿಂದೆ ಅದು ಜಿಗುಟಾಗಿ ಉಳಿಯಿತು. "ಹಿಯರ್ ಹಿ ಕಮ್ಸ್" ಎನ್ನುವಾಗ ಸರ್ವನಾಮ ಕ್ರಿಯಾಪದದ ಮುಂದೆಯೇ ನಿಲ್ಲುವುದನ್ನು ನೋಡಿ; ಹಳೆಯ ಇಂಗ್ಲಿಷಿನಲ್ಲಿ ಸರ್ವನಾಮಕ್ಕಿದ್ದ ರಿಯಾಯಿತಿಯನ್ನೇ ಅದು ನೆನಪಿಸುತ್ತದೆ. ಪ್ರಶ್ನೆಗಳಲ್ಲಂತೂ ಆ ನಿಯಮ ಇಂದಿಗೂ ಪೂರ್ತಿ ಜೀವಂತ.

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ಮೇಷ್ಟ್ರು ಹೇಳುತ್ತಿದ್ದರು. ಹಳೆಯ ನಿಯಮವೇ?

ಅಲ್ಲ. ಪ್ರಿಪೊಸಿಷನ್ ಕೊನೆಗೆ ಉಳಿಯುವ ಒಂದು ಬಗೆ ಹಳೆಯ ಇಂಗ್ಲಿಷಿನಲ್ಲೇ ಇತ್ತು. ಅದನ್ನು ದೋಷವೆಂದು ಕರೆದವನು ಕವಿ ಜಾನ್ ಡ್ರೈಡನ್, 1672ರಲ್ಲಿ, ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಬರೆವಣಿಗೆಯನ್ನು ಟೀಕಿಸುತ್ತ. ಆಮೇಲಿನ ವ್ಯಾಕರಣಕಾರರು ಅದಕ್ಕೆ ಲ್ಯಾಟಿನ್ನಿನ ಮುದ್ರೆ ಒತ್ತಿದರು. ಮೇಷ್ಟ್ರನ್ನು ದೂರಬೇಕಿಲ್ಲ, ಅವರ ಮೇಷ್ಟ್ರೂ ಹಾಗೆಯೇ ಹೇಳಿದ್ದರು.

## ತಕರಾರಿನ ಪ್ರಶ್ನೆಗಳು

"ವಾಟ್ ಯು ಆರ್ ಡೂಯಿಂಗ್" ಎಂದು ನಾವು ಕೇಳುವುದು ಹಳೆಯ ಇಂಗ್ಲಿಷಿನ ಉಳಿಕೆ ಎಂದು ಒಬ್ಬರು ವಾದಿಸಿದರು. ಸರಿಯೇ?

ಸರಿಯಲ್ಲ. ಇಂಗ್ಲಿಷಿನ ದಾಖಲೆ ಇರುವ ಯಾವ ಶತಮಾನದಲ್ಲೂ ನೇರ ಪ್ರಶ್ನೆಯ ವಾಡಿಕೆಯ ಕ್ರಮ ಅದಾಗಿರಲಿಲ್ಲ. ಪ್ರಶ್ನಪದದ ಹಿಂದೆಯೇ ಕ್ರಿಯಾಪದ ಬರುತ್ತಿತ್ತು. ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ "ವೆನ್ಸ್ ಕಮೆಸ್ಟ್ ದೌ", ಎಲ್ಲಿಂದ ಬಂದೆ ನೀನು, ಎಂದಿದೆ. ನಮ್ಮ ಬಳಕೆ ಬಂದದ್ದು ನಮ್ಮ ಭಾಷೆಗಳಿಂದ. "ನೀನು ಮಾಡುತ್ತಿದ್ದೀಯ" ಎಂಬುದನ್ನು ಪ್ರಶ್ನೆಯಾಗಿಸಲು ಕನ್ನಡದಲ್ಲಿ "ಏನು" ಸೇರಿಸಿದರೆ ಸಾಕು, ಉಳಿದ ಪದಗಳು ಕದಲುವುದಿಲ್ಲ. ಕದಲಿಸುವ ಅಭ್ಯಾಸವಿಲ್ಲದ ನಾಲಿಗೆ ಇಂಗ್ಲಿಷಿನಲ್ಲೂ ಕದಲಿಸಲಿಲ್ಲ.

ಪ್ರತ್ಯಯ ಬಿದ್ದದ್ದರಿಂದಲೇ ಪದಕ್ರಮ ಗಟ್ಟಿಯಾಯಿತು ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಅಷ್ಟೇ ಸಾಕಲ್ಲವೇ?

ಅದು ಅರ್ಧ ಸತ್ಯ. ಪ್ರತ್ಯಯವಿಲ್ಲದ ಭಾಷೆಗೆ ಯಾವುದಾದರೂ ಒಂದು ಗಟ್ಟಿ ಕ್ರಮ ಅನುಕೂಲ ಎಂಬಲ್ಲಿಗೆ ಒಪ್ಪಬಹುದು. ಆದರೆ ಆ ಕ್ರಮ ಕ್ರಿಯಾಪದ ಮಧ್ಯದಲ್ಲಿರುವುದೇ ಏಕಾಗಬೇಕು? ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವೂ ಅಷ್ಟೇ ಗಟ್ಟಿಯಾಗಬಹುದಿತ್ತು. ನಮ್ಮ ಹುಲಿ ಆನೆಯ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿದ್ದರೂ ಊಹೆ ಕೆಲಸ ಮಾಡಿತಲ್ಲ.

ಬಂಧುಭಾಷೆಗಳನ್ನು ನೋಡಿದರೆ ಅನುಮಾನ ಬಲವಾಗುತ್ತದೆ. ಡಚ್ ಭಾಷೆ ನಾಮಪದದ ವಿಭಕ್ತಿಗಳನ್ನು ಇಂಗ್ಲಿಷಿನಷ್ಟೇ ಕಳೆದುಕೊಂಡಿದೆ, ಆದರೂ ಅಧೀನ ವಾಕ್ಯಗಳಲ್ಲಿ ಕ್ರಿಯಾಪದವನ್ನು ಇಂದಿಗೂ ಕೊನೆಗೆ ಇಡುತ್ತದೆ. ಐಸ್‌ಲ್ಯಾಂಡಿನ ಭಾಷೆ ನಾಲ್ಕೂ ವಿಭಕ್ತಿಗಳನ್ನು ಜೋಪಾನವಾಗಿ ಉಳಿಸಿಕೊಂಡಿದೆ, ಆದರೂ ಕರ್ಮವನ್ನು ಕ್ರಿಯಾಪದದ ಹಿಂದಕ್ಕೆ ಸರಿಸಿದೆ. ಒಂದರಲ್ಲಿ ಕಾರಣವಿದ್ದೂ ಕಾರ್ಯವಿಲ್ಲ, ಇನ್ನೊಂದರಲ್ಲಿ ಕಾರಣವಿಲ್ಲದೆ ಕಾರ್ಯ.

ನನ್ನ ಮಟ್ಟಿಗೆ, "ಪದಕ್ರಮದ ಬದಲಾವಣೆ" ಎಂದು ಏಕವಚನದಲ್ಲಿ ಹೇಳುವುದರಲ್ಲೇ ತೊಡಕಿದೆ. ಕರ್ಮ ಹಿಂದೆ ಸರಿದದ್ದು, ಎರಡನೆಯ ಮಣೆಯ ನಿಯಮ ಸಡಿಲಾದದ್ದು, ಚತುರ್ಥಿಯವನು ಕರ್ತೃವಾದದ್ದು, ಸಾಮಾನ್ಯ ಕ್ರಿಯಾಪದ "ನಾಟ್" ದಾಟಲಾರದೆ ನಿಂತದ್ದು, ಇವು ನಾಲ್ಕು ಬೇರೆ ಘಟನೆಗಳು. ಅವುಗಳ ವೇಗ ಬೇರೆ, ಶತಮಾನ ಬೇರೆ. ಪ್ರತ್ಯಯದ ಸವೆತ ರಾಜನ ಪಿಯರ್ ಹಣ್ಣಿನ ಕಥೆಯನ್ನು ಚೆನ್ನಾಗಿ ವಿವರಿಸುತ್ತದೆ, ಡು ಬಂದದ್ದನ್ನು ಒಂದಿಷ್ಟೂ ವಿವರಿಸುವುದಿಲ್ಲ.

ಇಂಗ್ಲಿಷ್ ನಿಜವಾಗಿ ಸ್ಕ್ಯಾಂಡಿನೇವಿಯದ ಭಾಷೆಯೇ ಎಂಬ ವಾದವಿದೆಯಂತೆ?

ಇದೆ. ಭಾಷಾಶಾಸ್ತ್ರಜ್ಞರಾದ ಜೋಸೆಫ್ ಎಮಂಡ್ಸ್ ಮತ್ತು ಯಾನ್ ಟೆರ್ಯೆ ಫಾರ್ಲುಂಡ್ 2014ರಲ್ಲಿ ಅದನ್ನು ವಿಸ್ತಾರವಾಗಿ ಮಂಡಿಸಿದರು. ಕರ್ಮ ಕ್ರಿಯಾಪದದ ಹಿಂದೆ ಬರುವುದು, ಪ್ರಿಪೊಸಿಷನ್ ವಾಕ್ಯದ ಕೊನೆಗೆ ಉಳಿಯುವುದು ಮುಂತಾದ ವಿಷಯಗಳಲ್ಲಿ ಇಂಗ್ಲಿಷ್ ಜರ್ಮನ್ನಿಗಿಂತ ನಾರ್ವೆಯ ಭಾಷೆಯನ್ನು ಹೋಲುತ್ತದೆ ಎಂಬುದು ಅವರ ಆಧಾರ. ಹೋಲಿಕೆ ನಿಜ, ತೀರ್ಮಾನ ಅತಿಯಾಯಿತು. ಕ್ರಿಯಾಪದದ ರೂಪಗಳು, ಐ, ಹಿ, ವಿ ಎಂಬ ಸರ್ವನಾಮಗಳು, ದಿನಬಳಕೆಯ ಸಣ್ಣ ಪದಗಳ ದೊಡ್ಡ ಪಾಲು ಹಳೆಯ ಇಂಗ್ಲಿಷಿನಿಂದ ತುಂಡಾಗದೆ ಹರಿದು ಬಂದಿವೆ. ಬಹುಪಾಲು ವಿದ್ವಾಂಸರು ಆ ವಾದವನ್ನು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ.

ಸಾವಿರ ವರ್ಷದ ಹಿಂದೆ ಜನ ಹೀಗೇ ಮಾತಾಡುತ್ತಿದ್ದರು ಎಂದು ಹೇಗೆ ಗೊತ್ತು? ಉಳಿದಿರುವುದು ಬರೆಹ ಮಾತ್ರ ತಾನೇ?

ಸರಿಯಾದ ಆಕ್ಷೇಪ. ಪದ್ಯದ ಕ್ರಮವನ್ನು ಛಂದಸ್ಸು ತಿರುಚುತ್ತದೆ, ಅನುವಾದದ ಕ್ರಮವನ್ನು ಲ್ಯಾಟಿನ್ ಎಳೆಯುತ್ತದೆ. ಆದ್ದರಿಂದ ಸ್ವತಂತ್ರ ಗದ್ಯಕ್ಕೆ ಹೆಚ್ಚು ಬೆಲೆ. ಅನುವಾದದಲ್ಲೂ ಮೂಲವನ್ನು ಮೀರಿ, ಅನುವಾದಕ ಪದಗಳ ಜಾಗ ಬದಲಿಸಿದ ಕಡೆಗಳನ್ನು ಹುಡುಕಬಹುದು. ಅಲ್ಲಿ ಅವನ ಸ್ವಂತ ನಾಲಿಗೆ ಮಾತಾಡಿರುತ್ತದೆ.

ಈಗ ಇದು ಒಂದೆರಡು ಸಾಲು ಹೆಕ್ಕುವ ಕೆಲಸವಾಗಿ ಉಳಿದಿಲ್ಲ. ಪ್ರತಿ ವಾಕ್ಯದ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತು ಹಾಕಿದ ಕಂಪ್ಯೂಟರ್ ಪಠ್ಯಭಂಡಾರಗಳಿವೆ. ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಹಳೆಯ ಇಂಗ್ಲಿಷ್ ಗದ್ಯದ ಭಂಡಾರದಲ್ಲಿ ಸುಮಾರು 15 ಲಕ್ಷ ಪದಗಳಿವೆ. ನಡುಗಾಲದ ಇಂಗ್ಲಿಷಿಗೆ ಪೆನ್-ಹೆಲ್ಸಿಂಕಿ ಭಂಡಾರದಲ್ಲಿ ಸುಮಾರು 12 ಲಕ್ಷ. ಎಲ್ಲೆಗೋರ್ಡರ ಎಣಿಕೆಯನ್ನೇ ಮತ್ತೆ ಲೆಕ್ಕ ಹಾಕಿ ಭಾಷಾಶಾಸ್ತ್ರಜ್ಞ ಆಂಟನಿ ಕ್ರೋಕ್ 1989ರಲ್ಲಿ ತೋರಿಸಿದ ಫಲಿತಾಂಶ ಗಮನಾರ್ಹ: ಪ್ರಶ್ನೆ, ನಿಷೇಧ ಮುಂತಾದ ಬೇರೆ ಬೇರೆ ವಾಕ್ಯಗಳಲ್ಲಿ ಡು ಎಷ್ಟಿತ್ತು ಎಂಬುದು ಬೇರೆಯಾದರೂ, ಅದು ಏರಿದ ವೇಗ ಎಲ್ಲ ಕಡೆಯೂ ಒಂದೇ. ಅಂದರೆ ಜನ ಒಂದೊಂದು ವಾಕ್ಯವನ್ನು ಬಿಡಿಬಿಡಿಯಾಗಿ ತಿದ್ದಿಕೊಳ್ಳುತ್ತಿರಲಿಲ್ಲ. ತಳದಲ್ಲಿ ಎರಡು ವ್ಯಾಕರಣಗಳು ಪೈಪೋಟಿಗೆ ಬಿದ್ದಿದ್ದವು, ಒಬ್ಬನೇ ಮನುಷ್ಯ ಎರಡನ್ನೂ ಬಳಸುತ್ತಿದ್ದ.

ಈಗಲೂ ಬದಲಾಗುತ್ತಿದೆಯೇ, ಅಥವಾ ಮುಗಿಯಿತೇ?

ದೊಡ್ಡ ಕಂಬಗಳು ಸದ್ಯಕ್ಕೆ ಅಲುಗುತ್ತಿಲ್ಲ. ಸಣ್ಣಪುಟ್ಟವು ನಡೆದೇ ಇವೆ. ಮನೆ ಕಟ್ಟಲಾಗುತ್ತಿದೆ ಎಂಬುದಕ್ಕೆ ಹಿಂದೆ "ದ ಹೌಸ್ ಈಸ್ ಬಿಲ್ಡಿಂಗ್" ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ "ಈಸ್ ಬೀಯಿಂಗ್ ಬಿಲ್ಟ್" ಕಾಣಿಸಿಕೊಂಡಾಗ, ಮುಂದಿನ ಶತಮಾನದ ಪಂಡಿತರು ಅದನ್ನು ಅಸಹ್ಯವೆಂದು ಬೈದರು. ಇಂದು ಬೇರೆ ದಾರಿಯೇ ಇಲ್ಲ. ಬ್ರಿಟನ್ನಿನ ಹಿರಿಯರ ಬಾಯಲ್ಲಿ ಇತ್ತೀಚಿನವರೆಗೂ "ಹ್ಯಾವ್ ಯು ಎ ಪೆನ್" ಎಂಬುದು ಕೇಳುತ್ತಿತ್ತು. ಈಗ ಅಲ್ಲಿಯೂ "ಡು ಯು ಹ್ಯಾವ್" ಗೆಲ್ಲುತ್ತಿದೆ. ಐನೂರು ವರ್ಷದ ಹಿಂದೆ ಬೇರೆ ಕ್ರಿಯಾಪದಗಳು ಬಿಟ್ಟುಕೊಟ್ಟ ಹಕ್ಕನ್ನು "ಹ್ಯಾವ್" ಈಗ ಬಿಟ್ಟುಕೊಡುತ್ತಿದೆ. ಕುರಿಯನ್ನು ಕೇಳುವ ಮಕ್ಕಳು ಮಾತ್ರ ಇನ್ನೂ ಒಪ್ಪಿಲ್ಲ.